ಬೋರ್ ನೀರು ಬರುವಾಗ ತಿಳಿ, ಇಟ್ಟರೆ ಹಳದಿ: ಯಾವ ರಿಪೋರ್ಟ್ ನಂಬಬೇಕು?

ಸಾಗರದ ತೋಟದ ಮನೆಯಿಂದ (ಪ್ರಶ್ನೆ):
ಎಲ್ಲರಿಗೂ ನಮಸ್ಕಾರ. ಬೇಸಿಗೆಯಲ್ಲಿ ಬಾವಿ ಬತ್ತುತ್ತದೆ ಅಂತ ಈ ವರ್ಷ ಬೋರ್ ತೆಗೆಸಿದೆವು. ನೀರು ಬರುವಾಗ ಪೂರ್ತಿ ತಿಳಿ. ಕೊಡದಲ್ಲಿಟ್ಟು ಒಂದೆರಡು ಗಂಟೆಯಾದರೆ ಹಳದಿ, ಬೆಳಗಾಗುವಷ್ಟರಲ್ಲಿ ತಳದಲ್ಲಿ ಕಂದು ಗಸಿ. ಕ್ಯಾನ್‌ನಲ್ಲಿ ತುಂಬಿಸಿ ಲ್ಯಾಬಿಗೆ ಕೊಟ್ಟೆವು. ಅಲ್ಲಿ ಪಿಎಚ್ (ಆಮ್ಲತೆಯ ಅಳತೆ) 6.9, ಟರ್ಬಿಡಿಟಿ (ಬಗ್ಗಡದ ಅಳತೆ) 12 ಎನ್‌ಟಿಯು, ಬಣ್ಣ 30 ಹೇಜನ್. ಆದರೆ ಊರಿನ ನೀರು ಪರೀಕ್ಷೆಯ ಕಿಟ್‌ನಲ್ಲಿ ಬೋರ್ ಹತ್ತಿರವೇ ನೋಡಿದಾಗ ಪಿಎಚ್ 6 ಬಂದಿತ್ತು. ಈ ನಡುವೆ ಫಿಲ್ಟರ್ ಮಾರುವವರೊಬ್ಬರು ಟಿಡಿಎಸ್ (ಕರಗಿದ ಲವಣಾಂಶ) ಮೀಟರ್ ಅದ್ದಿ, 90 ಇದೆ, ಆದರೂ ಆರ್‌ಓ ಫಿಲ್ಟರ್ ಹಾಕಿಸಿಬಿಡಿ ಅಂದರು. ಅಮ್ಮ ಪಟಿಕ ಹಾಕಿದರೆ ಸಾಕು ಅಂತಾರೆ. ತಲೆ ಕೆಟ್ಟಿದೆ. ಅನುಭವ ಇದ್ದವರು ಹೇಳಿ.

ನೀರಿನ ಲ್ಯಾಬಿನಲ್ಲಿ ಕೆಲಸ ಮಾಡಿದವಳು:
ಎರಡು ಪಿಎಚ್ ಕೂಡ ಸರಿಯೇ ಇರಬಹುದು. ಆಳದ ನೀರಿನಲ್ಲಿ ಕಾರ್ಬನ್ ಡೈಆಕ್ಸೈಡ್ ಕರಗಿರುತ್ತದೆ. ನೀರು ಮೇಲೆ ಬಂದ ಮೇಲೆ ಅದು ಹಾರಿಹೋಗುತ್ತದೆ, ಪಿಎಚ್ ಏರುತ್ತದೆ. ಹಾಗಾಗಿ ಪಿಎಚ್ ಮಟ್ಟಿಗೆ ಬೋರ್ ಹತ್ತಿರ ನೋಡಿದ್ದೇ ಲೆಕ್ಕಕ್ಕೆ. ಈ ಅಂಕಿಯಲ್ಲಿ ಒಂದು ಕಡಿಮೆಯಾದರೆ ಆಮ್ಲತೆ ಹತ್ತು ಪಟ್ಟು ಜಾಸ್ತಿ. 6ಕ್ಕೂ 6.9ಕ್ಕೂ ಏನು ಮಹಾ ವ್ಯತ್ಯಾಸ ಅಂತ ಬಿಡಬೇಡಿ.

ಟರ್ಬಿಡಿಟಿ ಮತ್ತು ಬಣ್ಣದ ಕಥೆ ಇದಕ್ಕೆ ಉಲ್ಟಾ. ನಿಮ್ಮ ನೀರಿನಲ್ಲಿ ಕಬ್ಬಿಣ ಕರಗಿದೆ ಅನ್ನಿಸುತ್ತದೆ. ಕರಗಿರುವಾಗ ಕಣ್ಣಿಗೆ ಕಾಣಲ್ಲ. ಗಾಳಿ ತಾಗಿದ ಮೇಲೆ ತುಕ್ಕಿನ ಸಣ್ಣ ಕಣಗಳಾಗಿ ಹೊರಬರುತ್ತದೆ. ಟರ್ಬಿಡಿಟಿ ಮೀಟರ್ ನೀರಿನೊಳಗೆ ಬೆಳಕು ಬಿಟ್ಟು, 90 ಡಿಗ್ರಿ ಪಕ್ಕಕ್ಕೆ ಎಷ್ಟು ಚದುರಿತು ಅಂತ ನೋಡುತ್ತದೆ. ಆ ಕಣ ಮಣ್ಣೋ ತುಕ್ಕೋ ಅದಕ್ಕೆ ಗೊತ್ತಿಲ್ಲ. ನಿಮ್ಮ 12 ಬಹುಪಾಲು ಕ್ಯಾನ್ ಒಳಗೇ ಹುಟ್ಟಿದ್ದಿರಬೇಕು.

ಬಣ್ಣದಲ್ಲಿ ಎರಡು ಥರ ಇದೆ. ಹಾಗೇ ನೋಡಿದರೆ ಒಂದು ಅಂಕಿ, 0.45 ಮೈಕ್ರಾನ್ ಫಿಲ್ಟರ್‌ನಲ್ಲಿ ಸೋಸಿ ನೋಡಿದರೆ ಇನ್ನೊಂದು. 30 ಅನ್ನೋದು ಯಾವುದು ಅಂತ ಕೇಳಿ. ಸೋಸಿದ ಮೇಲೆ ಇಳಿದರೆ ಅದು ಕಣಗಳ ಬಣ್ಣ. ಸೋಸಿದರೂ ಚಹಾದಂತೆ ಉಳಿದರೆ ಕೊಳೆತ ಎಲೆ, ಬೇರಿನ ಸಾರ ಬಂದಿದೆ ಅಂತ ಅನುಮಾನ. ಹೇಜನ್ ಅಳತೆ ಪ್ಲಾಟಿನಂ-ಕೋಬಾಲ್ಟ್ ದ್ರಾವಣದ ಹಳದಿ ಛಾಯೆಗೆ ಹೋಲಿಸಿ ನೋಡುವುದು, 1892ರಿಂದ ಇದೆ. ಹಸಿರು, ಗುಲಾಬಿ ಬಣ್ಣಕ್ಕೆ ಅದು ಕೆಲಸಕ್ಕೆ ಬರಲ್ಲ.

ನಮ್ಮ ದೇಶದ ಮಾನದಂಡ ಐಎಸ್ 10500 ಪ್ರಕಾರ ಕುಡಿಯುವ ನೀರಿನ ಪಿಎಚ್ 6.5ರಿಂದ 8.5. ಟರ್ಬಿಡಿಟಿ 1, ಬೇರೆ ಮೂಲವೇ ಇಲ್ಲದಿದ್ದರೆ 5ರವರೆಗೆ. ಬಣ್ಣ 5, ಹಾಗೆಯೇ 15ರವರೆಗೆ. ಪಿಎಚ್‌ಗೆ ಮಾತ್ರ ಇಂಥ ರಿಯಾಯಿತಿ ಇಲ್ಲ.

ತೀರ್ಥಹಳ್ಳಿ ಕಡೆಯವನು:
ಜಂಬಿಟ್ಟಿಗೆ ಕಲ್ಲಿನ ಜಾಗ ಅಲ್ವಾ, ನಮ್ಮಲ್ಲೂ ಇದೇ ಗೋಳು. ಲ್ಯಾಬಿಗೆ ಹೋಗೋ ಮೊದಲು ಮನೆಯಲ್ಲೇ ಒಂದು ನೋಡಿ. ಆಗಷ್ಟೇ ಹಿಡಿದ ನೀರಿಗೆ ಹಾಲಿಲ್ಲದ ಚಹಾ ಡಿಕಾಕ್ಷನ್ ಹಾಕಿ. ಕಪ್ಪಗೆ ಶಾಯಿ ಥರ ಆದರೆ ಕಬ್ಬಿಣ ಇದೆ. ಎಷ್ಟಿದೆ ಅಂತ ಇದು ಹೇಳಲ್ಲ, ಇದೆ ಅಂತ ಮಾತ್ರ.

ಪಟಿಕದ ಬಗ್ಗೆ ಅಮ್ಮನಿಗೆ ನಿಧಾನವಾಗಿ ಹೇಳಿ. ಮಳೆಗಾಲದಲ್ಲಿ ಹೊಳೆಯ ಬಗ್ಗಡ ನೀರಿಗೆ ಅದು ಒಳ್ಳೆಯದೇ. ಆದರೆ ಪಟಿಕ ಪಿಎಚ್ ಇಳಿಸುತ್ತದೆ. ನಿಮ್ಮದು ಮೊದಲೇ 6. ಪಿಎಚ್ ಕಡಿಮೆ ಇದ್ದಷ್ಟೂ ಕಬ್ಬಿಣ ತುಕ್ಕಾಗಿ ಬೀಳೋದು ನಿಧಾನ, ಜೊತೆಗೆ ಅಂಥ ನೀರು ಜಿಐ (ಸತು ಲೇಪಿಸಿದ ಕಬ್ಬಿಣ) ಪೈಪ್ ತಿನ್ನುತ್ತದೆ. ನಾವು ನೀರನ್ನು ತೂತಿನ ಟ್ರೇಗಳ ಮೇಲೆ ಸುರಿಸಿ ಗಾಳಿ ತಾಗಿಸುತ್ತೇವೆ. ಆಮೇಲೆ ಸುಣ್ಣಕಲ್ಲಿನ ಹರಳು, ಕೊನೆಗೆ ಮರಳು. ಸುಣ್ಣಕಲ್ಲು ಕರಗುತ್ತಾ ಪಿಎಚ್ ಏರಿಸುತ್ತದೆ, ನೀರು ಸ್ವಲ್ಪ ಗಡಸಾಗುತ್ತದೆ ಅಷ್ಟೇ. ರಗಳೆ ಏನೆಂದರೆ ಹರಳಿನ ಮೇಲೆ ಕಂದು ಪದರ ಕಟ್ಟುತ್ತದೆ. ತೊಳೀತಾ ಇರಬೇಕು, ಇಲ್ಲದಿದ್ದರೆ ಸುಮ್ನೆ ಕಲ್ಲು.

ಬೆಂಗಳೂರಿನ ಅಪಾರ್ಟ್‌ಮೆಂಟಿನಿಂದ:
ಟಿಡಿಎಸ್ ಮೀಟರ್ ಅನ್ನೋದು ನೀರಿನಲ್ಲಿ ಕರೆಂಟ್ ಎಷ್ಟು ಹರಿಯುತ್ತದೆ ಅಂತ ನೋಡುತ್ತದೆ, ಅಷ್ಟೇ. ಬಟ್ಟೆಗೆ ಕಲೆ ಹಿಡಿಯಲು ಲೀಟರಿಗೆ 0.3 ಮಿಲಿಗ್ರಾಂ ದಾಟಿದ ಕಬ್ಬಿಣ ಸಾಕು. ಅದು ಆ 90ರಲ್ಲಿ ಎಲ್ಲಿ ಕಾಣಬೇಕು? 90 ಟಿಡಿಎಸ್‌ಗೆ ಆರ್‌ಓ ಹಾಕಿದರೆ ಇರುವ ಲವಣವೂ ಹೋಗಿ ಪಿಎಚ್ ಇನ್ನೂ ಇಳಿಯುತ್ತದೆ. ಕಬ್ಬಿಣ ಕೂತು ಆರ್‌ಓ ಒಳಗಿನ ಸೋಸುವ ಪೊರೆ (ಮೆಂಬ್ರೇನ್) ಬೇಗ ಕಟ್ಟಿಕೊಳ್ಳುತ್ತದೆ.

ಇನ್ನೊಂದು ಆಟ ತೋರಿಸಲು ಬಂದಾರು, ಎಚ್ಚರ. ಎರಡು ಲೋಟ. ಒಂದರಲ್ಲಿ ಮನೆ ನೀರು, ಇನ್ನೊಂದರಲ್ಲಿ ಆರ್‌ಓ ನೀರು. ಲೋಹದ ಕಡ್ಡಿ ಇರುವ ಯಂತ್ರ ಇಳಿಸಿ ಕರೆಂಟ್ ಕೊಡುತ್ತಾರೆ. ಮನೆ ನೀರು ಕಂದಾಗಿ, ನೊರೆಯೆದ್ದು, ನೋಡಿದರೆ ವಾಕರಿಕೆ ಬರಬೇಕು. ಆರ್‌ಓ ನೀರು ಹಾಗೇ ಇರುತ್ತದೆ. ಆ ಕಂದು ನೀರಿನ ಕೊಳೆಯಲ್ಲ, ಕಬ್ಬಿಣದ ಕಡ್ಡಿಯೇ ಕರಗಿ ಬಂದದ್ದು. ಆರ್‌ಓ ನೀರಿನಲ್ಲಿ ಲವಣ ಇಲ್ಲ, ಕರೆಂಟ್ ಹರಿಯಲ್ಲ, ಕಡ್ಡಿ ಕರಗಲ್ಲ. ನಮ್ಮ ಮನೆಗೆ ಬಂದಾಗ ಮಾವ ಏನೂ ಮಾತಾಡದೆ ಆರ್‌ಓ ಲೋಟಕ್ಕೆ ಚಿಟಿಕೆ ಉಪ್ಪು ಹಾಕಿ, ಈಗ ಮಾಡಪ್ಪ ಅಂದರು. ಅದೂ ಕಂದಾಯಿತು. ಆಸಾಮಿ ಕಾಫಿಗೂ ನಿಲ್ಲಲಿಲ್ಲ.

ಹಳ್ಳಿಯಲ್ಲಿ ಕಿಟ್ ಪರೀಕ್ಷೆ ಮಾಡುವಾಕೆ:
ಜಲ ಜೀವನ ಮಿಷನ್‌ನಲ್ಲಿ ಪ್ರತಿ ಊರಿಗೆ ಐದು ಹೆಂಗಸರಿಗೆ ಕಿಟ್ ತರಬೇತಿ ಅಂತ ಇದೆಯಲ್ಲ, ನಾನೂ ಅದರಲ್ಲಿದ್ದೇನೆ. ಕಿಟ್‌ನ ಪಿಎಚ್ ಹನಿ ಹಾಕಿ ಬಣ್ಣದ ಪಟ್ಟಿಗೆ ಹೋಲಿಸುವುದು. ನೀರೇ ಹಳದಿಯಾಗಿದ್ದರೆ ಆ ಹೋಲಿಕೆ ಕೆಡುತ್ತದೆ. ಹಾಗಾಗಿ ತಿಳಿ ಇರುವಾಗಲೇ, ನಳ ಸ್ವಲ್ಪ ಹೊತ್ತು ಬಿಟ್ಟು, ಬಾಟಲಿಯನ್ನು ಅದೇ ನೀರಲ್ಲಿ ಎರಡು ಮೂರು ಸಲ ತೊಳೆದು ಹಿಡಿಯಿರಿ. ಹಗಲು ಬೆಳಕಲ್ಲಿ, ಬಿಳಿ ಹಾಳೆ ಹಿಂದೆ ಇಟ್ಟು ನೋಡಿ.

ನೀರು ಹಾಲಿನಂತೆ ಬೆಳ್ಳಗೆ ಬಂದು ಲೋಟದಲ್ಲಿ ಕೆಳಗಿನಿಂದ ಮೇಲಕ್ಕೆ ತಿಳಿಯಾದರೆ ಹೆದರಬೇಡಿ, ಅದು ಗಾಳಿಗುಳ್ಳೆ.

ಸಾಗರದ ತೋಟದ ಮನೆಯಿಂದ:
ಚಹಾ ಹಾಕಿದೆ. ಕಪ್ಪೇ ಕಪ್ಪು! ಲ್ಯಾಬಿನವರನ್ನು ಕೇಳಿದೆ, 30 ಅನ್ನೋದು ಸೋಸದೆ ನೋಡಿದ್ದಂತೆ. ರಾತ್ರಿ ಇಟ್ಟ ನೀರನ್ನು ಸೋಸಿದರೆ ಬಣ್ಣ ಹೆಚ್ಚುಕಮ್ಮಿ ಹೋಗುತ್ತದೆ. ಆರ್‌ಓ ಬೇಡ ಅಂದುಬಿಟ್ಟೆ. ಹಾಗಾದರೆ ಟ್ರೇ, ಮರಳು ಹಾಕಿ ತಿಳಿಯಾದ ಮೇಲೆ ಕುಡಿಯಬಹುದಲ್ವಾ?

ನೀರಿನ ಲ್ಯಾಬಿನಲ್ಲಿ ಕೆಲಸ ಮಾಡಿದವಳು:
ತಿಳಿಯಾಯಿತು ಅಂದ ಮಾತ್ರಕ್ಕೆ ಕುಡಿಯಬೇಡಿ. ಪಿಎಚ್, ಟರ್ಬಿಡಿಟಿ, ಬಣ್ಣ ಮೂರೂ ಸರಿಯಿದ್ದು ನೀರಿನಲ್ಲಿ ರೋಗಾಣು ಇರಬಹುದು, ನೈಟ್ರೇಟ್ ಇರಬಹುದು. ಪಾವಗಡ, ಕೋಲಾರದ ಕಡೆ ಫ್ಲೋರೈಡ್ ನೀರು ನೋಡಲು ಎಷ್ಟು ತಿಳಿ! ಬ್ಯಾಕ್ಟೀರಿಯಾಕ್ಕೆ ಲ್ಯಾಬಿನಿಂದಲೇ ಸ್ಟೆರೈಲ್ ಬಾಟಲಿ ತಂದು, ಐಸ್ ಜೊತೆ ಅದೇ ದಿನ ತಲುಪಿಸಿ. ಅದರ ಫಲಿತಾಂಶ ಬರುವವರೆಗೆ ಸೋಸಿ, ಕುದಿಸಿ ಕುಡಿಯಿರಿ. ಕ್ಲೋರಿನ್ ಹಾಕುವುದಾದರೂ ಮೊದಲು ಟರ್ಬಿಡಿಟಿ ಇಳಿಸಿ. ಕಣಗಳ ಮರೆಯಲ್ಲಿ ರೋಗಾಣು ಉಳಿದುಕೊಳ್ಳುತ್ತವೆ, ಕರಗಿದ ಕಬ್ಬಿಣವೂ ಕ್ಲೋರಿನ್ ನುಂಗುತ್ತದೆ.

ಕಬ್ಬಿಣಕ್ಕೆ ಬೇರೆಯೇ ಬಾಟಲಿ ಕೇಳಿ. ಕಬ್ಬಿಣ ತಳಕ್ಕೆ, ಗೋಡೆಗೆ ಅಂಟದಿರಲಿ ಅಂತ ಅದಕ್ಕೆ ನೈಟ್ರಿಕ್ ಆಸಿಡ್ ಹಾಕಿರುತ್ತಾರೆ. ಅದನ್ನು ತೊಳೆಯಬೇಡಿ, ಕೈಗೆ ತಾಗಿಸಬೇಡಿ, ಮೇಲೆ ದೊಡ್ಡದಾಗಿ ಬರೆದಿಡಿ. ಯಾರಾದರೂ ಅದೇ ಬಾಟಲಿಯಲ್ಲಿ ಪಿಎಚ್ ನೋಡಿದರೆ 2ರ ಕೆಳಗೆ ಬಂದು ನೀವು ಇನ್ನೊಂದು ಪ್ರಶ್ನೆ ಹಾಕಬೇಕಾಗುತ್ತದೆ.