ಠಾಣೆಯ ಕೆಲಸದ ಜೊತೆ ಮನೆಯಿಂದಲೇ ಅಪರಾಧ ನ್ಯಾಯ ವಿಷಯದ ಓದು: ಅನುಭವಸ್ಥರ ಸಲಹೆ ಬೇಕು

ಪ್ರಶ್ನೆ: ಠಾಣೆ ಬರಹಗಾರ, ಗದಗ ಜಿಲ್ಲೆ

ಹನ್ನೊಂದು ವರ್ಷಗಳಿಂದ ಪೊಲೀಸ್ ಇಲಾಖೆಯಲ್ಲಿರುವ ನಾನು ಸದ್ಯ ಹೆಡ್ ಕಾನ್ಸ್‌ಟೇಬಲ್ ಆಗಿದ್ದು, ಠಾಣೆಯ ಬರಹಗಾರನ ಕೆಲಸ ನೋಡಿಕೊಳ್ಳುತ್ತಿದ್ದೇನೆ. ದೂರು ಬರೆದುಕೊಳ್ಳುವುದು, ಎಫ್‌ಐಆರ್ ಅನ್ನು ಕಂಪ್ಯೂಟರಿಗೆ ಏರಿಸುವುದು, ಪಂಚನಾಮೆ ಮತ್ತು ದೋಷಾರೋಪ ಪಟ್ಟಿಯ ಕರಡು ಸಿದ್ಧಪಡಿಸುವುದು ದಿನನಿತ್ಯದ ಕೆಲಸ. ಬಿ.ಎ. ಪದವಿಯನ್ನು ನೌಕರಿಗೆ ಸೇರುವ ಮೊದಲೇ ಮುಗಿಸಿದ್ದೇನೆ. ಈಗ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದ (ಇಗ್ನೋ) ಅಪರಾಧ ನ್ಯಾಯ ವಿಷಯದ ಸ್ನಾತಕೋತ್ತರ ಡಿಪ್ಲೊಮಾಗೆ ಸೇರಬೇಕೆಂದಿದ್ದೇನೆ. ಇದೇ ಹೊತ್ತಿಗೆ ಖಾಸಗಿ ಸಂಸ್ಥೆಯೊಂದರ ಏಜೆಂಟರು ವಾರಕ್ಕೆರಡು ಬಾರಿ ಕರೆ ಮಾಡಿ, ತಮ್ಮಲ್ಲಿ ಆನ್‌ಲೈನ್ ಸ್ನಾತಕೋತ್ತರ ಪದವಿ ಪಡೆದರೆ ಬಡ್ತಿ ಗ್ಯಾರಂಟಿ ಎನ್ನುತ್ತಿದ್ದಾರೆ. ಇಂಥ ಪದವಿಗೆ ಮಾನ್ಯತೆ ಇರುತ್ತದೆಯೇ? ಅಂತರ್ಜಾಲದಲ್ಲಿ ನನಗೆ ಸಿಕ್ಕ ಪಾಠಗಳೆಲ್ಲ ಭಾರತೀಯ ದಂಡ ಸಂಹಿತೆಯನ್ನೇ ಆಧರಿಸಿವೆ; ಠಾಣೆಯಲ್ಲಿ ನಾವು ಬರೆಯುತ್ತಿರುವುದು ಹೊಸ ಕಾನೂನಿನ ಕಲಂಗಳನ್ನು. ಹಳೆಯದನ್ನು ಓದಿ ಪ್ರಯೋಜನವಿದೆಯೇ? ರಾತ್ರಿ ಪಾಳಿ, ಜಾತ್ರೆಯ ಬಂದೋಬಸ್ತುಗಳ ನಡುವೆ ಓದಿ ಮುಗಿಸಿದವರು ಇದ್ದರೆ ದಯವಿಟ್ಟು ತಿಳಿಸಬೇಕು.

ಉತ್ತರ 1: ನಿವೃತ್ತ ಎಪಿಪಿ (ಸಹಾಯಕ ಸರ್ಕಾರಿ ಅಭಿಯೋಜಕ)

ಬರಹಗಾರರೆ, ಮೊದಲು ಏಜೆಂಟರ ಮಾತನ್ನು ಬದಿಗಿಡಿ. ಇಂಥ ಪದವಿಯೊಂದನ್ನು ತೋರಿಸಿ ಯಾರೂ ತಾನಾಗಿ ಬಡ್ತಿ ಪಡೆಯುವುದಿಲ್ಲ. ಬಡ್ತಿ ನಡೆಯುವುದು ಇಲಾಖೆಯ ನಿಯಮ, ಜ್ಯೇಷ್ಠತೆ ಮತ್ತು ಪರೀಕ್ಷೆಗಳ ಮೇಲೆ. ಪಿಎಸ್‌ಐ ನೇಮಕಾತಿಗೆ ಮಾನ್ಯತೆ ಪಡೆದ ವಿಶ್ವವಿದ್ಯಾಲಯದ ಯಾವುದೇ ಪದವಿ ಸಾಕು, ಅದು ನಿಮ್ಮಲ್ಲಿ ಈಗಾಗಲೇ ಇದೆ. ಮಾನ್ಯತೆಯ ವಿಷಯಕ್ಕೆ ಬಂದರೆ, ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2020ರ ನಿಯಮಾವಳಿಯ ಪ್ರಕಾರ ಅನುಮತಿ ಪಡೆದ ಸಂಸ್ಥೆಯ ದೂರಶಿಕ್ಷಣ ಮತ್ತು ಆನ್‌ಲೈನ್ ಪದವಿಗಳು ತರಗತಿಗೆ ಹೋಗಿ ಪಡೆದ ಪದವಿಗೆ ಸಮಾನ. ಆದರೆ ಅನುಮತಿಯನ್ನು ವಿಶ್ವವಿದ್ಯಾಲಯದ ಹೆಸರಿಗೆ ಮಾತ್ರ ನೋಡಿದರೆ ಸಾಲದು. ನೀವು ಸೇರುವ ಕೋರ್ಸಿಗೆ, ನೀವು ಸೇರುವ ವರ್ಷಕ್ಕೆ ಅದು ಇದೆಯೇ ಎಂಬುದನ್ನು ಯುಜಿಸಿಯ ದೂರಶಿಕ್ಷಣ ಮಂಡಳಿಯ ಜಾಲತಾಣದಲ್ಲಿ ನೀವೇ ನೋಡಿಕೊಳ್ಳಬೇಕು. ಏಜೆಂಟರು ವಾಟ್ಸ್‌ಆಪಿನಲ್ಲಿ ಕಳಿಸುವ ಪ್ರಮಾಣಪತ್ರದ ಫೋಟೊವನ್ನು ನಂಬಬೇಡಿ.

ಇನ್ನು ಹಳೆಯ ಕಾನೂನಿನ ಪ್ರಶ್ನೆ. ಹೊಸ ಮೂರು ಕಾನೂನುಗಳು (ಅಪರಾಧ ಮತ್ತು ಶಿಕ್ಷೆಗೆ ಭಾರತೀಯ ನ್ಯಾಯ ಸಂಹಿತೆ, ತನಿಖೆ ಮತ್ತು ವಿಚಾರಣೆಯ ವಿಧಾನಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಸಾಕ್ಷ್ಯಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮ) ಜಾರಿಗೆ ಬಂದದ್ದು 2024ರ ಜುಲೈ 1ರಂದು. ಆ ದಿನಕ್ಕಿಂತ ಮೊದಲು ನಡೆದ ಕೊಲೆಗೆ ಇಂದಿಗೂ ದಂಡ ಸಂಹಿತೆಯ 302ನೇ ಕಲಮೇ ಅನ್ವಯ. ನಂತರದ ಕೊಲೆಗೆ ನ್ಯಾಯ ಸಂಹಿತೆಯ 103. ಆ ವರ್ಷದ ಜೂನ್ ತಿಂಗಳಲ್ಲಿ ನಡೆದ ಅಪರಾಧಕ್ಕೆ ಆಗಸ್ಟಿನಲ್ಲಿ ದೂರು ಬಂದಿದ್ದರೆ, ಅಪರಾಧದ ಕಲಂ ಹಳೆಯದು, ತನಿಖೆಯ ವಿಧಾನ ನಾಗರಿಕ ಸುರಕ್ಷಾ ಸಂಹಿತೆಯದು. ನಮ್ಮ ನ್ಯಾಯಾಲಯಗಳಲ್ಲಿ ಹಳೆಯ ಪ್ರಕರಣಗಳು ಮುಗಿಯುವ ವೇಗ ನಿಮಗೇ ಗೊತ್ತಿರುವುದರಿಂದ, ಮುಂದಿನ ಹಲವು ವರ್ಷ ಎರಡನ್ನೂ ಬಲ್ಲ ಬರಹಗಾರನಿಗೇ ಬೆಲೆ. 511 ಕಲಂಗಳು 358ಕ್ಕೆ ಇಳಿದಿವೆಯಾದರೂ ಕಳವಿನ ವ್ಯಾಖ್ಯೆಯ ತಿರುಳು ಅದೇ ಇದೆ. ಪುಸ್ತಕದ ಅಂಚಿನಲ್ಲಿ ಪೆನ್ಸಿಲಿನಿಂದ ಹೊಸ ಸಂಖ್ಯೆ ಬರೆದುಕೊಳ್ಳುತ್ತಾ ಓದಿ.

ಉತ್ತರ 2: ಪ್ಯಾರಾ ಲೀಗಲ್ ಸ್ವಯಂಸೇವಕಿ, ಹಾವೇರಿ

ನಾನು ಇದೇ ಡಿಪ್ಲೊಮಾವನ್ನು ಒಂದು ವರ್ಷದ ಬದಲು ಎರಡು ವರ್ಷಗಳಲ್ಲಿ ಮುಗಿಸಿದೆ. ಗರಿಷ್ಠ ಮೂರು ವರ್ಷಗಳ ಅವಕಾಶವಿರುವುದರಿಂದ ನಿಮ್ಮಂಥವರು ಅವಸರ ಮಾಡಬೇಕಾಗಿಲ್ಲ. ಕೋರ್ಸಿನ ಓದಿನ ಹೊರೆಯನ್ನು ಕ್ರೆಡಿಟ್‌ಗಳಲ್ಲಿ ಅಳೆಯುತ್ತಾರೆ; ಒಂದು ಕ್ರೆಡಿಟ್ ಎಂದರೆ ಸುಮಾರು 30 ಗಂಟೆಗಳ ಓದು ಎಂದು ಇಗ್ನೋ ಲೆಕ್ಕ ಹಾಕುತ್ತದೆ. ಪರೀಕ್ಷೆಗಳು ಜೂನ್ ಮತ್ತು ಡಿಸೆಂಬರಿನಲ್ಲಿ, ಅದೂ ಕೇಂದ್ರಕ್ಕೆ ಹೋಗಿ ಪೆನ್ನಿನಲ್ಲಿ ಬರೆಯುವಂಥವು. ಆದ್ದರಿಂದ ರಜೆಯ ಅರ್ಜಿಯನ್ನು ವೇಳಾಪಟ್ಟಿ ಬಂದ ದಿನವೇ ಕೊಟ್ಟುಬಿಡಿ. ಪಠ್ಯವು ಇಗ್ನೋದ ಇ-ಜ್ಞಾನಕೋಶ್ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಶುಲ್ಕ ಕಟ್ಟುವ ಮೊದಲೇ ನಾಲ್ಕು ಪಾಠ ಓದಿ ನೋಡಿದರೆ ಆ ಇಂಗ್ಲಿಷ್ ನಿಮಗೆ ದಕ್ಕುತ್ತದೆಯೋ ಇಲ್ಲವೋ ತಿಳಿಯುತ್ತದೆ.

ನನ್ನನ್ನು ಹೆಚ್ಚು ಕಾಡಿದ್ದು ಅಸೈನ್‌ಮೆಂಟ್. ಮೊದಲನೆಯದನ್ನು ಪುಸ್ತಕದಿಂದ ಸಾಲು ಸಾಲಾಗಿ ಇಳಿಸಿ ಕೊಟ್ಟೆ, ಅಂಕವೂ ಅದಕ್ಕೆ ತಕ್ಕಂತೆಯೇ ಬಂತು. ಎರಡನೆಯದಕ್ಕೆ ಲಲಿತಾ ಕುಮಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ 2013ರ ತೀರ್ಪನ್ನು ಪೂರ್ತಿ ಓದಿ, ಸಂಜ್ಞೇಯ ಅಪರಾಧದ (ವಾರಂಟ್ ಇಲ್ಲದೆ ಪೊಲೀಸರು ಬಂಧಿಸಬಹುದಾದ ಅಪರಾಧದ) ಮಾಹಿತಿ ಬಂದ ಕೂಡಲೇ ಎಫ್‌ಐಆರ್ ದಾಖಲಿಸುವುದು ಕಡ್ಡಾಯ ಎಂಬ ಮಾತನ್ನು, ನಮ್ಮ ಕಾನೂನು ನೆರವು ಕೇಂದ್ರಕ್ಕೆ ಬರುವ ಹೆಂಗಸರು "ಠಾಣೆಯಲ್ಲಿ ನಾಳೆ ಬಾ ಅಂದರು" ಎನ್ನುವ ಮಾತಿನ ಪಕ್ಕದಲ್ಲಿಟ್ಟು ಬರೆದೆ. (ಬರಹಗಾರರು ಬೇಸರಿಸಬಾರದು.) ಅಲ್ಲಿಂದಾಚೆಗೆ ಓದು ಹೊರೆ ಎನಿಸಲಿಲ್ಲ.

ಉತ್ತರ 3: ಕಾನೂನಾಸಕ್ತ

ಇಷ್ಟೆಲ್ಲ ಕಷ್ಟಪಡುವ ಬದಲು ದೂರಶಿಕ್ಷಣದಲ್ಲಿ ಎಲ್‌ಎಲ್‌ಬಿ ಮಾಡಿದರೆ ಮುಂದೆ ವಕೀಲಿಯನ್ನಾದರೂ ಮಾಡಬಹುದಲ್ಲವೇ?

ಉತ್ತರ 4: ನಿವೃತ್ತ ಎಪಿಪಿ

ಇಲ್ಲ. ದೂರಶಿಕ್ಷಣದ ಎಲ್‌ಎಲ್‌ಬಿಯನ್ನು ಭಾರತೀಯ ವಕೀಲರ ಪರಿಷತ್ತು ಒಪ್ಪುವುದಿಲ್ಲ. ಅದನ್ನು ಹಿಡಿದುಕೊಂಡು ಸನ್ನದು (ವಕೀಲಿಯ ಪರವಾನಗಿ) ಸಿಗದು. ಅಪರಾಧ ನ್ಯಾಯದ ಡಿಪ್ಲೊಮಾವೂ ವಕೀಲಿಯ ದಾರಿಯಲ್ಲ ಎಂಬುದನ್ನು ಸೇರುವವರು ತಿಳಿದಿರಬೇಕು.

ಹಾಗಾದರೆ ಅದರಿಂದ ಬರಹಗಾರರಿಗೆ ಏನು ಲಾಭ ಎಂದರೆ, ದಿನವೂ ತುಂಬುವ ಕಾಗದ ಏಕೆ ಹಾಗಿದೆ ಎಂಬುದು ತಿಳಿಯುತ್ತದೆ. ಒಂದು ಉದಾಹರಣೆ ಹೇಳುತ್ತೇನೆ. ಅಂಗಡಿಯ ಸಿಸಿ ಕ್ಯಾಮೆರಾದ ದೃಶ್ಯವನ್ನು ಪೆನ್‌ಡ್ರೈವಿನಲ್ಲಿ ತಂದು ಹಾಜರುಪಡಿಸುವಾಗ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕು. ಅದರ ಎ ಭಾಗವನ್ನು ದಾಖಲೆ ಒದಗಿಸುವವರು, ಬಿ ಭಾಗವನ್ನು ತಜ್ಞರು ತುಂಬಬೇಕು. ಎರಡರಲ್ಲೂ ಹ್ಯಾಷ್ ಮೌಲ್ಯ, ಅಂದರೆ ಆ ಡಿಜಿಟಲ್ ಕಡತದಿಂದ ಕಂಪ್ಯೂಟರ್ ಲೆಕ್ಕ ಹಾಕುವ ಗುರುತಿನ ಸಂಖ್ಯೆ, ಬರೆಯುವ ಜಾಗವಿದೆ. ಆ ಕಡತದಲ್ಲಿ ಒಂದು ಚುಕ್ಕಿ ಬದಲಾದರೂ ಆ ಉದ್ದನೆಯ ಸಂಖ್ಯೆ ಬದಲಾಗುತ್ತದೆ ಎಂಬುದನ್ನು ಅರಿತವನು ಆ ಜಾಗವನ್ನು ಖಾಲಿ ಬಿಡುವುದಿಲ್ಲ. ಖಾಲಿ ಬಿಟ್ಟ ಕಾಗದವನ್ನು ಹಿಡಿದು ಆರೋಪಿ ಪರ ವಕೀಲರ ಪಾಟೀಸವಾಲಿನ ಎದುರು ನಿಂತವನು ನಾನು.

ಬಿಡುವಿದ್ದಾಗ ಅಪರಾಧ ನ್ಯಾಯ ವ್ಯವಸ್ಥೆಯ ಸುಧಾರಣೆ ಕುರಿತ ಮಳಿಮಠ ಸಮಿತಿಯ 2003ರ ವರದಿಯನ್ನೂ ಓದಿ. ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ವಿ.ಎಸ್. ಮಳಿಮಠರ ಎಲ್ಲ ಶಿಫಾರಸುಗಳನ್ನು ನಾನು ಒಪ್ಪುವುದಿಲ್ಲ, ಆದರೆ ಜಗಳವಾಡುತ್ತಾ ಓದಲು ಅದಕ್ಕಿಂತ ಒಳ್ಳೆಯ ವರದಿ ನನಗೆ ಸಿಕ್ಕಿಲ್ಲ.

ಉತ್ತರ 5: ಠಾಣೆ ಬರಹಗಾರ

ಹಿರಿಯರಿಗೂ ಮೇಡಂ ಅವರಿಗೂ ವಂದನೆಗಳು. "ನಾಳೆ ಬಾ" ಎಂಬ ಮಾತು ನಮ್ಮ ಠಾಣೆಯಲ್ಲಿ ಕೇಳಿಬಂದಿಲ್ಲ ಎಂದು ಪ್ರಮಾಣ ಮಾಡಲಾರೆ. ನಿನ್ನೆ ರಾತ್ರಿ ಸೆಂಟ್ರಿ ಪಾಳಿ ಮುಗಿದ ಮೇಲೆ ಇ-ಜ್ಞಾನಕೋಶ್‌ನಲ್ಲಿ ಶಿಕ್ಷೆಯ ಉದ್ದೇಶಗಳ ಪಾಠ ತೆರೆದೆ. ಸೆರೆವಾಸಕ್ಕೆ ಬದಲಿ ಶಿಕ್ಷೆಗಳ ಮಾತು ಓದುತ್ತಿದ್ದಂತೆ ನ್ಯಾಯ ಸಂಹಿತೆಯ 303ನೇ ಕಲಂ ನೆನಪಾಯಿತು: ಐದು ಸಾವಿರ ರೂಪಾಯಿಗಿಂತ ಕಡಿಮೆ ಬೆಲೆಯ ವಸ್ತು ಕದ್ದು ಮೊದಲ ಸಲ ಸಿಕ್ಕಿಬಿದ್ದವನು ವಸ್ತುವನ್ನು ಮರಳಿಸಿದರೆ ಸಮುದಾಯ ಸೇವೆಯ ಶಿಕ್ಷೆ. ಕಲಂ ಬಾಯಿಪಾಠವಾಗಿತ್ತು, ಅದರ ಹಿಂದಿನ ವಾದ ಗೊತ್ತಿರಲಿಲ್ಲ. ಒಂದೂವರೆ ಪುಟ ಓದಲು ಮುಕ್ಕಾಲು ಗಂಟೆ ಹಿಡಿಯಿತು, ನಿಘಂಟು ಪಕ್ಕದಲ್ಲೇ ಇತ್ತು. ಮೂರು ವರ್ಷದ ಲೆಕ್ಕದಲ್ಲಿ ಸೇರುತ್ತೇನೆ. ಏಜೆಂಟರ ಸಂಖ್ಯೆಯನ್ನು ಬ್ಲಾಕ್ ಮಾಡಿದ್ದೇನೆ.