ಡಂಜನ್ಸ್ ಅಂಡ್ ಡ್ರ್ಯಾಗನ್ಸ್: ಮಕ್ಕಳು ಆಡುತ್ತಿರುವುದು ವೇಷವೋ ಆವೇಶವೋ?

ನ್ಯೂಜೆರ್ಸಿಯಿಂದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಮಿಡಲ್ ಸ್ಕೂಲಿನಲ್ಲಿ ಕ್ಲಾಸು ಮುಗಿದ ಮೇಲೆ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ, ಪಾತ್ರ ವಹಿಸಿ ಕಥೆ ಕಟ್ಟುವ ಆಟದ ಕ್ಲಬ್ ನಡೆಯುತ್ತದೆ. 12 ವರ್ಷದ ಮಗನಿಗೆ ಸೇರುವ ಆಸೆ. ಅದರಲ್ಲಿ ಮಾಟ ಮಂತ್ರ ಇದೆ, ದೆವ್ವ ಕರೆಯುತ್ತಾರೆ, ಹುಡುಗರ ತಲೆ ಕೆಡುತ್ತದೆ ಎಂಬ ಮಾತು ಕಿವಿಗೆ ಬೀಳುತ್ತಲೇ ಇದೆ. ಅಲ್ಲಿ ಕೂತು ನಿಜವಾಗಿ ಏನು ಮಾಡುತ್ತಾರೆ? ಮನೆಯಲ್ಲಿರುವ ಅಜ್ಜಿಗೆ ಅರ್ಥವಾಗುವ ಹಾಗೆ ಹೇಗೆ ಹೇಳುವುದು?

ಡಲ್ಲಸ್‌ನಿಂದ

ಅಜ್ಜಿ ಕರಾವಳಿ ಅಥವಾ ಮಲೆನಾಡಿನವರಾದರೆ ಕೆಲಸ ಸುಲಭ. ತಾಳಮದ್ದಳೆ ಎಂದುಬಿಡಿ. ಭಾಗವತರು ಪದ್ಯ ಎತ್ತುತ್ತಾರೆ, ಪ್ರಸಂಗ ಗೊತ್ತಿರುತ್ತದೆ. ಆದರೆ ಅರ್ಥಧಾರಿಯ ಮಾತು ಬರೆದಿಟ್ಟದ್ದಲ್ಲ. ಬಣ್ಣವಿಲ್ಲ, ಕಿರೀಟವಿಲ್ಲ, ಕುಳಿತಲ್ಲೇ ಅವರು ರಾವಣನಾಗಿ ವಾದ ಹೂಡುತ್ತಾರೆ. ಈ ಆಟದಲ್ಲಿ ಭಾಗವತರ ಜಾಗದಲ್ಲಿ ಡಂಜನ್ ಮಾಸ್ಟರ್ ಇರುತ್ತಾನೆ. ‘ಮುಂದೆ ಮುರಿದ ಸೇತುವೆ, ಕೆಳಗೆ ಹೊಳೆ, ಏನು ಮಾಡ್ತೀರಿ?’ ಎಂದು ಅವನು ಕೇಳುತ್ತಾನೆ. ಸುತ್ತ ಕೂತ ನಾಲ್ಕೈದು ಮಕ್ಕಳು ತಮ್ಮ ತಮ್ಮ ಪಾತ್ರ ಏನು ಮಾಡುತ್ತದೆಂದು ಹೇಳುತ್ತಾರೆ. ಆಗುತ್ತದೋ ಇಲ್ಲವೋ ಎಂಬುದನ್ನು ದಾಳ ತೀರ್ಮಾನಿಸುತ್ತದೆ.

ನಮ್ಮವರಿಗೆ ಹೆದರಿಕೆ ಎಲ್ಲಿಂದ ಬರುತ್ತದೆಂದು ನನಗೆ ಅರ್ಥವಾಗುತ್ತದೆ. ಭೂತಕೋಲ ನೋಡಿ ಬೆಳೆದವರಿಗೆ ‘ಬೇರೆಯವನಾಗುವುದು’ ಹಗುರದ ಮಾತಲ್ಲ. ಆದರೆ ಕೋಲದಲ್ಲಿ ವ್ರತವಿದೆ, ಎಣ್ಣೆ ಪಡೆಯುವುದಿದೆ, ಪಾಡ್ದನವಿದೆ, ಗಗ್ಗರ ಕಟ್ಟುವುದಿದೆ. ದೈವ ಬರಲಿ ಎಂದು ಊರಿಗೆ ಊರೇ ಕೈಮುಗಿದು ನಿಲ್ಲುತ್ತದೆ. ಅದು ಆವೇಶ. ಇಲ್ಲಿ ಯಾರನ್ನೂ ಬರಹೇಳುವುದಿಲ್ಲ. ಹುಡುಗ ನಡುವೆ ಎದ್ದು ಚಿಪ್ಸ್ ತಂದುಕೊಂಡು ಮತ್ತೆ ಪಾತ್ರಕ್ಕೆ ಮರಳುತ್ತಾನೆ. ಇದು ವೇಷ. ಈ ವ್ಯತ್ಯಾಸ ನಮ್ಮ ಅಜ್ಜಿಯರಿಗೆ, ಈ ಆಟವನ್ನು ವಿರೋಧಿಸಿದ ಪಾಶ್ಚಾತ್ಯ ಪಾದ್ರಿಗಳಿಗಿಂತ ಚೆನ್ನಾಗಿ ಗೊತ್ತು.

ಮಂತ್ರದ ವಿಷಯಕ್ಕೆ ಬಂದರೆ, ಹೆಸರಾಂತ ಫೈರ್‌ಬಾಲ್ ಮಂತ್ರವನ್ನೇ ತೆಗೆದುಕೊಳ್ಳಿ. ಆಟದ ನಿಯಮ ಪುಸ್ತಕದಲ್ಲಿ ಇರುವುದಿಷ್ಟು: 150 ಅಡಿ ದೂರದವರೆಗೆ ಎಸೆಯಬಹುದು, 20 ಅಡಿ ತ್ರಿಜ್ಯದೊಳಗೆ ಇರುವವರಿಗೆಲ್ಲ ಬೆಂಕಿ ತಾಗುತ್ತದೆ, ಆರು ಮುಖದ ಎಂಟು ದಾಳ ಉರುಳಿಸಿ ಕೂಡಬೇಕು, ಪಕ್ಕಕ್ಕೆ ಹಾರಿ ತಪ್ಪಿಸಿಕೊಂಡವರಿಗೆ ಅರ್ಧ ಪೆಟ್ಟು. ಸರಾಸರಿ 28 ಬರುತ್ತದೆ. ಇದಕ್ಕೆ ಬಾವಲಿ ಹಿಕ್ಕೆ ಮತ್ತು ಗಂಧಕದ ಉಂಡೆ ಬೇಕೆಂದು ಬರೆದಿದೆ. ಇಂಥ ಸಾಮಗ್ರಿ ತುಂಬಿದ ಚೀಲವೊಂದು ಪಾತ್ರದ ಹಾಳೆಯ ಮೇಲೆ ನಮೂದಾಗಿದ್ದರೆ ಸಾಕು. ಉಚ್ಚರಿಸಲು ಒಂದು ಅಕ್ಷರವೂ ಇಲ್ಲ. ‘ಫೈರ್‌ಬಾಲ್ ಹಾಕ್ತೀನಿ’ ಎಂದರೆ ಮುಗಿಯಿತು, ಉಳಿದದ್ದು ಕೂಡುವ ಲೆಕ್ಕ.

ಟೊರಾಂಟೊದಿಂದ

‘ತಲೆ ಕೆಡುತ್ತದೆ’ ಎಂಬ ಮಾತಿಗೆ ಒಂದು ಇತಿಹಾಸವಿದೆ. ಅದನ್ನು ನಾವು, ಅದರಲ್ಲೂ ಓದಿನ ಹುಚ್ಚಿರುವ ನಾವು, ಸರಿಯಾಗಿ ತಿಳಿದಿರಬೇಕು.

ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಈ ಆಟವನ್ನು ಹೊರತಂದದ್ದು 1974ರಲ್ಲಿ, ವಿಸ್ಕಾನ್ಸಿನ್‌ನ ಲೇಕ್ ಜಿನೀವಾದಿಂದ. ಐದು ವರ್ಷ ಇಂಥ ಗಲಾಟೆ ಇರಲಿಲ್ಲ. 1979ರ ಆಗಸ್ಟ್‌ನಲ್ಲಿ ಮಿಶಿಗನ್ ಸ್ಟೇಟ್ ವಿಶ್ವವಿದ್ಯಾಲಯದಿಂದ ಜೇಮ್ಸ್ ಡಲ್ಲಸ್ ಎಗ್‌ಬರ್ಟ್ ಎಂಬ ಹುಡುಗ ಕಾಣೆಯಾದ. ವಯಸ್ಸು 16, ಆಗಲೇ ಕಾಲೇಜಿನಲ್ಲಿದ್ದ ಅತಿ ಜಾಣ. ಮನೆಯವರು ನೇಮಿಸಿದ ಖಾಸಗಿ ಪತ್ತೇದಾರ ವಿಲಿಯಂ ಡಿಯರ್, ಕ್ಯಾಂಪಸ್ಸಿನ ನೆಲದಡಿಯ ಹಬೆ ಕೊಳವೆಗಳ ಸುರಂಗದಲ್ಲಿ ಈ ಆಟ ಆಡಲು ಹೋಗಿ ಕಳೆದುಹೋಗಿರಬಹುದೆಂದು ಊಹಿಸಿದರು. ಪತ್ರಿಕೆಗಳು ಆ ಊಹೆಯನ್ನು ದೇಶಕ್ಕೆಲ್ಲ ಹಂಚಿದವು. ಸುಮಾರು ಒಂದು ತಿಂಗಳ ನಂತರ ಹುಡುಗ ಲೂಸಿಯಾನಾದಲ್ಲಿ ಸಿಕ್ಕಿದ. ಮನೆ ಬಿಡಲು ಆಟ ಕಾರಣವೇ ಆಗಿರಲಿಲ್ಲ. ಖಿನ್ನತೆ, ಒಂಟಿತನ, ಓದಿನ ಒತ್ತಡ ಅವನನ್ನು ಹಿಂಡಿದ್ದವು. 1980ರಲ್ಲಿ ಅವನು ತನ್ನ ಪ್ರಾಣ ತಾನೇ ಕಳೆದುಕೊಂಡ. ನಿಜ ಸಂಗತಿಯನ್ನು ಡಿಯರ್ ಪುಸ್ತಕವಾಗಿ ಬರೆದದ್ದು 1984ರಲ್ಲಿ. ಅಷ್ಟರಲ್ಲಿ ತಪ್ಪು ಕಥೆ ಬೇರು ಬಿಟ್ಟಾಗಿತ್ತು.

1982ರಲ್ಲಿ ವರ್ಜೀನಿಯಾದ ಪೆಟ್ರೀಷಿಯಾ ಪುಲ್ಲಿಂಗ್ ಎಂಬ ತಾಯಿಯೂ ಹೀಗೆಯೇ ಮಗನನ್ನು ಕಳೆದುಕೊಂಡರು. ಆಟದಲ್ಲಿ ಬಿದ್ದ ಶಾಪವೇ ಕಾರಣ ಎಂದು ನಂಬಿ ಮೊಕದ್ದಮೆ ಹೂಡಿದರು. ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಅವರು ಒಂದು ಸಂಘಟನೆಯನ್ನೇ ಕಟ್ಟಿದರು, 1985ರಲ್ಲಿ ವಿಷಯ ‘60 ಮಿನಿಟ್ಸ್’ ಟಿವಿ ಕಾರ್ಯಕ್ರಮದವರೆಗೂ ಹೋಯಿತು. ಆ ತಾಯಿಯ ಸಂಕಟವನ್ನು ಹಗುರ ಮಾಡುವ ಹಕ್ಕು ಯಾರಿಗೂ ಇಲ್ಲ. ಆದರೆ ಬೆರಳು ಆಟದ ಕಡೆ ತಿರುಗಿದಾಗ ಹುಡುಗನ ಮನಸ್ಸು ಯಾರ ಕಣ್ಣಿಗೂ ಬೀಳದೆ ಹೋಗುತ್ತದೆ. ಆಟ ಪ್ರಕಟಿಸುತ್ತಿದ್ದ ಕಂಪನಿ ಕೂಡ ಹೆದರಿ 1989ರಲ್ಲಿ ಶುರುವಾದ ಎರಡನೇ ಆವೃತ್ತಿಯಲ್ಲಿ ಡೆಮನ್, ಡೆವಿಲ್ ಎಂಬ ಹೆಸರುಗಳನ್ನು ಬಿಟ್ಟು ಟನಾರಿ, ಬಾಟೆಜು ಎಂದು ಹೊಸ ಹೆಸರು ಕಟ್ಟಿತು. 2000ದ ಮೂರನೇ ಆವೃತ್ತಿಯಲ್ಲಿ ಹಳೆಯ ಹೆಸರುಗಳೇ ಮರಳಿದವು.

ಆದ್ದರಿಂದ ನೋಡಬೇಕಾದದ್ದು ಬೇರೆ. ಹುಡುಗ ನಿದ್ದೆ ಬಿಡುತ್ತಿದ್ದಾನೆಯೇ? ಮೊದಲು ಇಷ್ಟವಿದ್ದ ಕ್ರಿಕೆಟ್, ಸಂಗೀತ ಎಲ್ಲ ಎರಡು ವಾರದಿಂದ ಬೇಡವಾಗಿದೆಯೇ? ಸಾಯುವ ಮಾತಾಡುತ್ತಿದ್ದಾನೆಯೇ? ಸಾಯುವ ಮಾತು ಬಂದರೆ ಒಂದು ದಿನವೂ ಕಾಯಬೇಡಿ. ಅಮೆರಿಕ, ಕೆನಡಾ ಎರಡರಲ್ಲೂ 988ಕ್ಕೆ ಹಗಲೂ ರಾತ್ರಿ ಕರೆ ಮಾಡಬಹುದು. ಮಿಕ್ಕ ಲಕ್ಷಣಗಳಿಗೆ ಮಕ್ಕಳ ಡಾಕ್ಟರ ಅಪಾಯಿಂಟ್‌ಮೆಂಟ್ ಹಿಡಿಯಿರಿ. ವಾರಕ್ಕೊಮ್ಮೆ ನಾಲ್ಕು ಗೆಳೆಯರ ಜೊತೆ ಕೂರುವ ಆಟವನ್ನು ಆಗ ಕಿತ್ತುಕೊಂಡರೆ, ಅವನ ಕೈಗಿದ್ದ ಒಂದು ಆಸರೆಯನ್ನೇ ತೆಗೆದ ಹಾಗಾಗಬಹುದು.

ಮೆಲ್ಬರ್ನ್‌ನಿಂದ

ಮಂಗಳೂರಿನ ಕ್ರೈಸ್ತ ಕುಟುಂಬಗಳಿಗಾಗಿ ಒಂದು ಮಾತು ಸೇರಿಸುತ್ತೇನೆ. ಚರ್ಚಿನಲ್ಲಿ ಧರ್ಮೋಪದೇಶಕಾಂಡದ 18ನೇ ಅಧ್ಯಾಯ ಎತ್ತಿ ಹೇಳುವವರ ಆತಂಕ ಸುಳ್ಳಲ್ಲ. ಅಲ್ಲಿ ಕಣಿ, ಮಾಟ, ಸತ್ತವರನ್ನು ವಿಚಾರಿಸುವುದು ಎಲ್ಲಕ್ಕೂ ನಿಷೇಧವಿದೆ. ಸತ್ತವರ ಜೊತೆ ಮಾತಾಡಲು ಬಳಸುವ ಊಜಾ ಬೋರ್ಡು ನೇರವಾಗಿ ಆ ಸಾಲಿಗೆ ಬರುತ್ತದೆ, ಏಕೆಂದರೆ ಅಲ್ಲಿ ಕೂತವರು ಉತ್ತರ ಬರಲಿ ಎಂದೇ ಕೇಳುತ್ತಾರೆ. ಈ ಆಟದಲ್ಲಿ ದಾಳವನ್ನು ಕೇಳುವುದು ಕೋಟೆ ಗೋಡೆ ಹತ್ತಿದೆನೋ ಬಿದ್ದೆನೋ ಎಂದು ಮಾತ್ರ.

ಆದರೂ ಮನಸ್ಸಿಗೆ ಕಸಿವಿಸಿಯಾದರೆ ಪೂರ್ತಿ ನಿಲ್ಲಿಸಬೇಕಿಲ್ಲ, ಆಯ್ಕೆಯಲ್ಲೇ ದಾರಿ ಇದೆ. ವಾರ್ಲಾಕ್ ಎಂಬ ಪಾತ್ರವರ್ಗಕ್ಕೆ ಬೇರೊಂದು ಶಕ್ತಿಯ ಜೊತೆಗಿನ ಒಪ್ಪಂದದಿಂದ ಬಲ ಬರುತ್ತದೆ, ಆ ಶಕ್ತಿ ಪಿಶಾಚಿಯೂ ಆಗಬಹುದು. ಅದನ್ನು ಬಿಡಿ. ಪೂಜಾರಿಯಂಥ ಕ್ಲೆರಿಕ್ ಆಗುವವರು ಸಾಮಾನ್ಯವಾಗಿ ಒಬ್ಬ ಕಲ್ಪಿತ ದೇವರನ್ನು ಆರಿಸಿಕೊಳ್ಳುತ್ತಾರೆ. ‘ಇವನು ನನ್ನ ದೇವರು’ ಎಂದು ಆಟಕ್ಕೂ ಹೇಳಲಾರದ ಮಗುವಿಗೆ ಒತ್ತಾಯ ಬೇಡ. ಕಾದಾಡುವ ಫೈಟರ್, ನುಸುಳುವ ರೋಗ್, ಕಾಡು ಬಲ್ಲ ರೇಂಜರ್ ಇದ್ದೇ ಇವೆ. ಮುಸ್ಲಿಂ ಮನೆಗಳಲ್ಲೂ ಇದೇ ಉಪಾಯ ಸಾಕಾಗುತ್ತದೆ.

ಮತ್ತೆ ಡಲ್ಲಸ್‌ನಿಂದ

ಒಳ್ಳೆಯ ಮಾತು. ಹಿಂದೂ ಮನೆಗಳಿಗೆ ಚುಚ್ಚಬಹುದಾದ ಸಂಗತಿಯೂ ಇದೆ, ಅದನ್ನು ಮುಚ್ಚಿಡಬಾರದು. ಈ ಆಟದ 1980ರ ‘ಡೀಟೀಸ್ ಅಂಡ್ ಡೆಮಿಗಾಡ್ಸ್’ ಪುಸ್ತಕದಲ್ಲಿ ಇಂದ್ರ, ಅಗ್ನಿ, ಕಾಳಿ ಮುಂತಾದವರಿಗೂ ಹೊಡೆತ ತಡೆಯುವ ಅಂಕಿ ಕೊಟ್ಟು, ಕೊಲ್ಲಬಹುದಾದ ಎದುರಾಳಿಗಳ ಹಾಗೆ ಪಟ್ಟಿ ಮಾಡಿದ್ದರು. 1970ರ ದಶಕದಿಂದ ಇಂದಿನವರೆಗೂ ‘ರಾಕ್ಷಸ’ ಎಂಬ ಜೀವಿ ಇದೆ, ಹುಲಿ ತಲೆ, ಅಂಗೈ ಹಿಂದುಮುಂದು. ನಾಗಗಳೂ ಇವೆ. ಆರು ಕೈಯ, ಸೊಂಟದ ಕೆಳಗೆ ಹಾವಾಗಿರುವ ಮಾರಿಲಿತ್ ಎಂಬ ಹೆಣ್ಣು ಪಿಶಾಚಿಯ ಚಿತ್ರ ನಮ್ಮ ಅಜ್ಜಿಯ ಕಣ್ಣಿಗೆ ದೇವಿಯ ವಿಡಂಬನೆಯಂತೆ ಕಾಣಬಹುದು. 2014ರ ಆಟಗಾರರ ಕೈಪಿಡಿಯ ಅನುಬಂಧದಲ್ಲಿ ಗ್ರೀಕ್, ಈಜಿಪ್ಟ್, ಸೆಲ್ಟಿಕ್, ನಾರ್ಸ್ ದೇವತೆಗಳಿದ್ದಾರೆ, ನಮ್ಮವರಿಲ್ಲ. ಇಂದಿಗೂ ಪೂಜೆಗೊಳ್ಳುವ ದೇವರನ್ನು ಎದುರಾಳಿ ಮಾಡಿದ್ದು ತಪ್ಪು ಎಂದೇ ನನ್ನ ಅಭಿಪ್ರಾಯ, ಪಿಶಾಚಿಯ ಹೆದರಿಕೆಗಿಂತ ಇದು ತೂಕದ ಆಕ್ಷೇಪ. ಮಗನಿಗೆ ನಮ್ಮ ಅಸುರರು, ರಾಕ್ಷಸರು ಯಾರೆಂದು ಹೇಳಿಕೊಡಲು ಇದೇ ಸಮಯ. ಪ್ರಹ್ಲಾದ, ಬಲಿ, ವಿಭೀಷಣ ಹುಟ್ಟಿದ್ದು ಯಾವ ಕುಲದಲ್ಲಿ ಎಂದು ಅವನು ತಿಳಿದಿರಲಿ.

ಲಂಡನ್‌ನಿಂದ

ಕ್ಲಬ್ಬಿಗೆ ಕಳಿಸುವ ಮೊದಲು ಮೂರು ಪ್ರಶ್ನೆ ಕೇಳಿ. ಡಂಜನ್ ಮಾಸ್ಟರ್ ಯಾರು, ಕೋಣೆಯಲ್ಲಿ ಶಿಕ್ಷಕರು ಇರುತ್ತಾರೆಯೇ, ಸೆಷನ್ ಝೀರೋ ಮಾಡಿದ್ದಾರೆಯೇ. ಸೆಷನ್ ಝೀರೋ ಎಂದರೆ ಆಟ ಶುರುವಾಗುವ ಮೊದಲು ಕೂತು, ಕಥೆಯಲ್ಲಿ ಏನು ಬರಲೇಬಾರದು ಎಂದು ಒಪ್ಪಿಕೊಳ್ಳುವುದು. ಚಿತ್ರಹಿಂಸೆ ಬೇಡ, ಮಕ್ಕಳಿಗೆ ಪೆಟ್ಟು ಬೇಡ, ನಿಜವಾದ ಧರ್ಮಗಳ ದೇವರು ಬೇಡ, ಹೀಗೆ. ಮೇಜಿನ ಮಧ್ಯೆ ‘ಎಕ್ಸ್’ ಬರೆದ ಕಾರ್ಡು ಇಡುವ ರೂಢಿಯೂ ಇದೆ. ಯಾರಾದರೂ ಮುಟ್ಟಿದರೆ ಆ ಪ್ರಸಂಗ ಅಲ್ಲಿಗೇ ನಿಲ್ಲಬೇಕು, ಕಾರಣ ಕೇಳುವಂತಿಲ್ಲ.

ನಿಜವಾದ ಅಪಾಯ ಆನ್‌ಲೈನ್ ಆಟದಲ್ಲಿದೆ. ಅಪರಿಚಿತ ದೊಡ್ಡವರು, ಮೂರು ನಾಲ್ಕು ಗಂಟೆ ಧ್ವನಿ ಸಂಭಾಷಣೆ, ಅದೂ ರಾತ್ರಿ. ಆಟಗಾರರು ಮಾತಾಡಿಕೊಳ್ಳಲು ಬಳಸುವ ಡಿಸ್ಕಾರ್ಡ್ ಆ್ಯಪ್‌ನ ನಿಯಮದ ಪ್ರಕಾರ ಕನಿಷ್ಠ ವಯಸ್ಸು 13, ಹಾಗಾಗಿ 12ರ ಹುಡುಗನಿಗೆ ಅಲ್ಲಿ ಖಾತೆ ಬೇಡ. 13 ತುಂಬಿದ ಮೇಲೂ ಪರಿಚಯವಿಲ್ಲದವರ ಖಾಸಗಿ ಸಂದೇಶ ಬರದಂತೆ ಸೆಟ್ಟಿಂಗ್ ಮುಚ್ಚಿ, ಕಂಪ್ಯೂಟರು ಹಾಲ್‌ನಲ್ಲೇ ಇರಲಿ.

ಇನ್ನೂ ಅನುಮಾನವಿದ್ದರೆ ಒಂದು ಶನಿವಾರ ಮನೆಯಲ್ಲೇ ಆಡಿಸಿ ನೋಡಿ. ಮೂಲ ನಿಯಮಗಳು ಉಚಿತವಾಗಿ ಸಿಗುತ್ತವೆ. ಏಳು ದಾಳಗಳ ಒಂದು ಸೆಟ್, ಪೆನ್ಸಿಲ್, ಒಂದು ಇಂಚು ಚೌಕದ ಹಾಳೆ ಸಾಕು, ಒಂದು ಚೌಕ ಎಂದರೆ 5 ಅಡಿ. ಮಕ್ಕಳು ನಾಲ್ಕೇ ಇರಲಿ. ಆರೇಳು ಜನ ಸೇರಿದರೆ ತನ್ನ ಸರದಿಗೆ ಹತ್ತು ನಿಮಿಷ ಕಾಯಬೇಕಾಗಿ ಫೋನ್ ಕೈಗೆ ಬರುತ್ತದೆ. ಮೊದಲ ದಿನ ಸಿದ್ಧ ಪಾತ್ರಗಳನ್ನೇ ಕೊಡಿ, ಪಾತ್ರ ಕಟ್ಟಲು ಕೂತರೆ ಎರಡು ಗಂಟೆ ಅದರಲ್ಲೇ ಹೋಗುತ್ತದೆ.

ಕಥೆ ನಮ್ಮದೇ ಇರಲಿ. ವಿಜಯನಗರದ ಕಾಲ, ಭಟ್ಕಳ ಬಂದರಿಗೆ ಅರಬ್ಬಿ ಕುದುರೆಗಳು ಬಂದಿಳಿದಿವೆ. ಅವನ್ನು ಘಟ್ಟ ಹತ್ತಿಸಿ ಹಂಪಿಗೆ ಮುಟ್ಟಿಸಬೇಕು. ಮಳೆ, ಜಾರುವ ದಾರಿ, ಹುಲಿಯ ವಾಸನೆಗೆ ಕುದುರೆ ಬೆದರಿದೆ. ಡಂಜನ್ ಮಾಸ್ಟರ್ ಕಷ್ಟದ ಮಟ್ಟ 15 ಎಂದು ಇಡುತ್ತಾನೆ. ಪ್ರಾಣಿ ಪಳಗಿಸುವುದನ್ನು ಕಲಿತ ಪಾತ್ರಕ್ಕೆ ವಿವೇಕದ ಅಂಕ (ವಿಸ್ಡಮ್) 16 ಇದ್ದರೆ ಅದಕ್ಕೆ 3, ಪರಿಣತಿಗೆ 2, ಹೀಗೆ ದಾಳದ ಅಂಕಿಗೆ ಒಟ್ಟು 5 ಸೇರುತ್ತದೆ. ಇಪ್ಪತ್ತು ಮುಖದ ದಾಳದಲ್ಲಿ 10 ಅಥವಾ ಹೆಚ್ಚು ಬಿದ್ದರೆ ಕುದುರೆ ನಿಲ್ಲುತ್ತದೆ, ಅಂದರೆ ಗೆಲ್ಲುವ ಸಾಧ್ಯತೆ ನೂರಕ್ಕೆ 55. ಕಲಿಯದವನು ಅದೇ ಗುಣದಿಂದ ಪ್ರಯತ್ನಿಸಿದರೆ 45. ಕುದುರೆಗೆ ಸಮಾಧಾನ ಹೇಳುವ ಮಾತು ಕನ್ನಡದಲ್ಲೇ ಇರಬೇಕು ಎಂಬ ಒಂದೇ ಒಂದು ಮನೆ ನಿಯಮ ಹಾಕಿ. ಅದಕ್ಕಿಂತ ಹೆಚ್ಚು ಪಾಠ ತುರುಕಿದರೆ ಮಕ್ಕಳಿಗೆ ಗೊತ್ತಾಗಿಬಿಡುತ್ತದೆ. ಅಜ್ಜಿಯನ್ನೂ ಪಕ್ಕದಲ್ಲಿ ಕೂರಿಸಿ, ದಾರಿಯ ಸುಂಕದ ಕಟ್ಟೆಯವಳ ಪಾತ್ರ ಅವರಿಗಿರಲಿ. ಎಷ್ಟು ವರಹ ಕೊಟ್ಟರೆ ಬಿಡಬೇಕೆಂಬುದು ಅವರದೇ ತೀರ್ಮಾನ, ಅದಕ್ಕೆ ದಾಳ ಬೇಡ.