ಅಪ್ಪನ ಪೊಟ್ಯಾಶಿಯಂ ಏರುತ್ತಲೇ ಇಲ್ಲ, ಅನುಭವ ಇದ್ದವರು ಹೇಳಿ

ಅಪ್ಪನಿಗೆ 68. ವಾಂತಿ ಭೇದಿ ಅಂತ ಅಡ್ಮಿಟ್ ಮಾಡಿದೆವು, ರಕ್ತದಲ್ಲಿ ಪೊಟ್ಯಾಶಿಯಂ 2.6 ಬಂತು, ತುಂಬಾ ಕಮ್ಮಿ ಅಂದರು. ಮೂರು ದಿನ ಪೊಟ್ಯಾಶಿಯಂ ಡ್ರಿಪ್ ಹಾಕಿದರೂ 2.9 ದಾಟಿಲ್ಲ. ಕೈ ಉರಿಯುತ್ತೆ, ಸೂಜಿ ತೆಗೀರಿ ಅಂತಾರೆ. ಪೊಟ್ಯಾಶಿಯಂ ಸಿರಪ್ ಒಂದೇ ಸಾಕಾ?

ಹಾಸನದ ಮಗಳು: ನಮ್ಮಮ್ಮನಿಗೆ 2.4 ಇತ್ತು. ಹಾರ್ಟ್ ವೀಕ್ ಅಂತ ನೀರು ಹೋಗುವ ಮಾತ್ರೆ ಕೊಡುತ್ತಿದ್ದರು, ಅದರಲ್ಲೇ ಪೊಟ್ಯಾಶಿಯಂ ಹರಿದುಹೋಗಿತ್ತು. ಐದು ದಿನ ಡ್ರಿಪ್. ಒಂಬತ್ತು ಸಲ ರಕ್ತ ತೆಗೆದರು, ಸಲಕ್ಕೆ 380 ರೂಪಾಯಿ, ಬಿಲ್ಲು ಈಗಲೂ ಇಟ್ಟಿದ್ದೇನೆ. ಆರನೇ ದಿನ ಬೇರೆ ಡಾಕ್ಟರ್ ಬಂದು ಮೆಗ್ನೀಶಿಯಂ ನೋಡಿಸಿದರು. 1.1! ಅದು ಕಮ್ಮಿ ಇದ್ದರೆ ಕೊಟ್ಟ ಪೊಟ್ಯಾಶಿಯಂ ಮೂತ್ರದಲ್ಲೇ ಹೋಗುತ್ತದಂತೆ. ಮೆಗ್ನೀಶಿಯಂ ಕೊಟ್ಟ ಎರಡೇ ದಿನಕ್ಕೆ 3.7. ಮೊದಲ ದಿನವೇ ಯಾಕೆ ನೋಡಲಿಲ್ಲ ಅನ್ನೋ ಸಂಕಟ ಇನ್ನೂ ಹೋಗಿಲ್ಲ.

ವಾರ್ಡ್ ನರ್ಸ್, 11 ವರ್ಷ: ಉರಿ ಆದರೆ ಸಿಸ್ಟರ್‌ಗೆ ಹೇಳಿ, ನಿಧಾನ ಮಾಡುತ್ತಾರೆ. ಕೈಯ ನರದಲ್ಲಿ ಸಾಮಾನ್ಯವಾಗಿ ಗಂಟೆಗೆ 10 ಎಂಇಕ್ಯೂ (ಪೊಟ್ಯಾಶಿಯಂ ಅಳೆಯುವ ಲೆಕ್ಕ) ಅಷ್ಟೇ ಬಿಡುತ್ತೇವೆ. ಒಂದು ರಾತ್ರಿ ಪೇಷಂಟ್ ಕಡೆಯವರು ಬೇಗ ಮುಗಿಯಲಿ ಅಂತ ಡ್ರಿಪ್ಪಿನ ಚಕ್ರ ಪೂರ್ತಿ ತಿರುಗಿಸಿದ್ದರು. ನಾನು ಓಡಿಹೋಗಿ ನಿಲ್ಲಿಸಿದೆ. ಪೊಟ್ಯಾಶಿಯಂ ಜೋರಾಗಿ ಹೋದರೆ ಹೃದಯವೇ ನಿಲ್ಲಬಹುದು. ದಯವಿಟ್ಟು ಮುಟ್ಟಬೇಡಿ.

ತುಮಕೂರಿನವರು: ನಮ್ಮ ಮಾವನಿಗೆ ಡ್ರಿಪ್ಪೇ ಬೇಕಾಗಲಿಲ್ಲ. 3.1 ಇತ್ತು. ನೀರಲ್ಲಿ ಬೆರೆಸಿದ ಸಿರಪ್, ದಿನಕ್ಕೆ ಎರಡು ಎಳನೀರು. ಮೊದಲ ದಿನ ಸಿರಪ್ ವಾಂತಿ ಮಾಡಿದರು, ಊಟ ಆದಮೇಲೆ ಕೊಟ್ಟೆವು, ನಿಂತಿತು. ನಾಲ್ಕು ದಿನಕ್ಕೆ 3.8. ಬಿಲ್ ಏರಿಸೋಕೆ ಎಲ್ಲರಿಗೂ ಡ್ರಿಪ್ ಹಾಕುತ್ತಾರೆ.

ಹಾಸನದ ಮಗಳು: 3.1 ಎಲ್ಲಿ, 2.4 ಎಲ್ಲಿ? ಅಮ್ಮನಿಗೆ ಕಾಲು ಎತ್ತೋಕೆ ಆಗುತ್ತಿರಲಿಲ್ಲ, ಇಸಿಜಿ ಬದಲಾಗಿತ್ತು. ಎಳನೀರು ಕುಡಿಸಿಕೊಂಡು ಕೂರಬೇಕಿತ್ತಾ?

ಅಣ್ಣನಿಗೆ ಡಯಾಲಿಸಿಸ್: ಎಳನೀರು ಎಳನೀರು ಅಂತ ಹೇಳಬೇಡಿ. ಕಿಡ್ನಿ ಕೆಟ್ಟಿದ್ದ ಅಣ್ಣನಿಗೆ ನೋಡೋಕೆ ಬಂದವರೆಲ್ಲ ಕುಡಿಸಿದರು. ಪೊಟ್ಯಾಶಿಯಂ 6.8ಕ್ಕೆ ಹೋಯಿತು. ರಾತ್ರಿ ಎರಡಕ್ಕೆ ಡಯಾಲಿಸಿಸ್.

ತುಮಕೂರಿನವರು: ಕಿಡ್ನಿಯವರಿಗೆ ಕೊಡಿ ಅಂದೆನಾ ನಾನು? ಇಲ್ಲಿ ಕೇಳಿದ್ದು ಕಮ್ಮಿ ಇರುವವರ ಬಗ್ಗೆ.

ವಾರ್ಡ್ ನರ್ಸ್, 11 ವರ್ಷ: ಭೇದಿಯಲ್ಲಿ ನೀರಿಳಿದು ಕಿಡ್ನಿಗೂ ಪೆಟ್ಟು ಬಿದ್ದಿರಬಹುದು, ಸರ್. ಅದಕ್ಕೇ ಕಿಡ್ನಿ ಹೇಗಿದೆ ಅಂತ ತಿಳಿಯೋಕೆ ರಕ್ತದಲ್ಲಿ ಕ್ರಿಯಾಟಿನಿನ್ ನೋಡುತ್ತೇವೆ, ಮೂತ್ರ ಎಷ್ಟಾಯಿತು ಅಂತ ಬರೆದಿಡುತ್ತೇವೆ. ಬಿಲ್ಲಿಗಾಗಿ ಅಂದಿರಲ್ಲ, ರಾತ್ರಿಯಿಡೀ ಆ ಡ್ರಿಪ್ ಕಾಯುವವರು ನಾವು. ಮನಸ್ಸಿಗೆ ನೋವಾಯಿತು.

ತುಮಕೂರಿನವರು: ನಿಮಗೆ ಹೇಳಿದ್ದಲ್ಲ ಸಿಸ್ಟರ್. ಆಸ್ಪತ್ರೆ ಬಿಲ್ 46,000 ಕಟ್ಟಿದ್ದು ನಾನು, ನನಗೂ ನೋವಿದೆ.